ಏನೂ ತೊಂದರೆ ಇಲ್ಲದವರಿಗೆ ‘ಫುಲ್ ಬಾಡಿ ಚೆಕಪ್’ ಬೇಕೇ?

ಈ ಬಾರಿಯ ಪರ-ವಿರೋಧದ ಪ್ರಶ್ನೆ: ಯಾವ ರೋಗಲಕ್ಷಣವೂ ಇಲ್ಲದ, ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದ ಮಾರ್ಕರ್‌ಗಳು (ರೋಗದ ಸುಳಿವು ಕೊಡುವ ವಸ್ತುಗಳು) ಮತ್ತು ಸ್ಕ್ಯಾನಿಂಗ್ ಸೇರಿದ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಬೇಕೇ?

ಪರ: ನೋಡದೆ ಇದ್ದರೆ ಕಾಣುವುದಾದರೂ ಹೇಗೆ?

(ಲೇಖಕರು ಪೆಥಾಲಜಿಸ್ಟ್, ತಿಪಟೂರಿನಲ್ಲಿ ಲ್ಯಾಬ್ ನಡೆಸುತ್ತಾರೆ)

ಸಂಪಾದಕರು ಫೋನ್ ಮಾಡಿ ‘ಪರದ ಕಡೆ ನೀವೇ ಬರೆಯಬೇಕು’ ಎಂದಾಗ ನಾನು ಕಾರಣ ಕೇಳಲಿಲ್ಲ. ಹೂ ಮಾರುವವಳು ಪೂಜೆ ಬೇಡ ಎನ್ನುತ್ತಾಳೆಯೇ ಎಂದು ಅವರು ಲೆಕ್ಕ ಹಾಕಿರಬೇಕು. ಆ ಗುಮಾನಿಯನ್ನು ಓದುಗರೂ ಇಟ್ಟುಕೊಂಡೇ ಮುಂದೆ ಓದಲಿ. ನನ್ನ ಲ್ಯಾಬಿನ ಬಾಡಿಗೆ ಸಂದಾಯವಾಗುವುದು ನಿಮ್ಮ ರಕ್ತದಿಂದಲೇ. ಆದರೂ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲನ್ನು ನಂಬಿಯೇ ಹೇಳುತ್ತಿದ್ದೇನೆ. ಉಳಿದ ಕಾಲು ಪಾಲು ಯಾವುದೆಂದು ನೀವೇ ಕಂಡುಕೊಳ್ಳುತ್ತೀರಿ.

ಕೆಲವು ವರ್ಷಗಳ ಹಿಂದೆ ಒಬ್ಬ ಕೊಬ್ಬರಿ ವ್ಯಾಪಾರಿ ತಮ್ಮ ಭಾವಮೈದುನನನ್ನು ಕರೆದುಕೊಂಡು ಬಂದರು. ರಕ್ತ ಕೊಡಬೇಕಾದವನು ಭಾವಮೈದುನ, ಇವರು ಬಂದದ್ದು ಬೈಕ್ ಓಡಿಸಲು. ವಯಸ್ಸು 44. ‘ಹೇಗೂ ಬಂದಿದ್ದೇನೆ, ನನ್ನದೂ ಒಂದು ಸಕ್ಕರೆ ನೋಡಿಬಿಡಿ’ ಎಂದು ತೋಳು ಚಾಚಿದರು. ಭಾವಮೈದುನನದು ಎಲ್ಲ ಸರಿಯಾಗಿತ್ತು. ಇವರ ಎಚ್‌ಬಿಎ1ಸಿ 11.8 ಬಂತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತಲೇ ಇರುತ್ತದೆ. ಹಾಗಾಗಿ ಹಿಂದಿನ ರಾತ್ರಿ ಉಪವಾಸ ಮಲಗಿ ಲ್ಯಾಬಿನವನಿಗೆ ಮೋಸ ಮಾಡಬಹುದು, ಮೂರು ತಿಂಗಳ ಈ ಲೆಕ್ಕಕ್ಕೆ ಮೋಸ ಮಾಡಲಾಗದು. 6.5 ಮುಟ್ಟಿದರೆ ಮಧುಮೇಹ. ಕೇಳಿದರೆ, ‘ಸುಸ್ತು ಇತ್ತು, ಮಂಡಿಯಲ್ಲಿ ವ್ಯಾಪಾರ ಜೋರು, ಅದಕ್ಕೇ ಇರಬೇಕು ಅಂದುಕೊಂಡೆ’ ಎಂದರು. ಕಣ್ಣಿನ ವೈದ್ಯರ ಬಳಿ ಕಳುಹಿಸಿದೆ. ಅಕ್ಷಿಪಟಲದಲ್ಲಿ ಆಗಲೇ ರಕ್ತದ ಚುಕ್ಕೆಗಳು. ಈ ಪ್ರಸಂಗವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಮೊದಲೇ ಕೇಳಿದವರು ಕ್ಷಮಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು, ಅಂಚಿನಲ್ಲಿ ನಿಂತವರು 13.6 ಕೋಟಿ. ಇವರಲ್ಲಿ ಎಷ್ಟೋ ಮಂದಿ ಬೈಕ್ ಓಡಿಸಿಕೊಂಡು ಬಂದವರಂತೆಯೇ ಇದ್ದಾರೆ. ತಮಗೆ ಏನೂ ಇಲ್ಲವೆಂದು ತಿಳಿದವರು.

ಮೂತ್ರಪಿಂಡ ಇನ್ನೂ ಮೌನಿ. ದೇವರು ಎರಡೆರಡು ಕೊಟ್ಟದ್ದೇ ತಪ್ಪಾಯಿತೇನೋ, ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗುವವರೆಗೂ ಅದು ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಅಷ್ಟಾಗಿ ಏರುವುದೇ ಇಲ್ಲ. ಅದಕ್ಕೂ ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಜಿನುಗುವ ಆಲ್ಬುಮಿನ್ ಎಂಬ ಪ್ರೋಟೀನ್. ಆ ಪರೀಕ್ಷೆಗೆ ಒಂದು ಸಣ್ಣ ಡಬ್ಬಿ ಸಾಕು. ಮುಖ ಊದಿಕೊಂಡು, ಊಟ ಸೇರದೆ, ವಾಂತಿಯೆಂದು ಬಂದವರ ಕ್ರಿಯಾಟಿನಿನ್ 7 ಅಥವಾ 8 ಎಂದು ಯಂತ್ರ ತೋರಿಸಿದಾಗ ವರದಿಗೆ ಸಹಿ ಹಾಕುವವನು ನಾನು. ‘ಇದಕ್ಕೆ ಮುಂಚೆ ಯಾವಾಗ ಪರೀಕ್ಷೆ ಮಾಡಿಸಿದ್ದಿರಿ?’ ‘ಇದೇ ಮೊದಲು ಸಾರ್.’ ಆಮೇಲೆ ವಾರಕ್ಕೆ ಎರಡು ಮೂರು ಡಯಾಲಿಸಿಸ್. ಐದು ವರ್ಷ ಮೊದಲೇ ಬಂದಿದ್ದರೆ ಬಿಪಿ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ. ಲಕ್ಷಣ ಬರಲಿ ನೋಡೋಣ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಈ ರೋಗಗಳಿಗೆ ಲಕ್ಷಣ ಬರುವುದು ಕೊನೆಯಲ್ಲಿ.

ಕ್ಯಾನ್ಸರಿಗೆ ಬರೋಣ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿ. ಮೂರನೆಯ ಹಂತ, ನಾಲ್ಕನೆಯ ಹಂತ ಎಂಬ ಮಾತು ಎಷ್ಟು ಸಲ ಕಿವಿಗೆ ಬೀಳುತ್ತದೆ ಎಂದು ಎಣಿಸಿ. ಬೇಗ ನೋಡಿದರೆ ಉಪಯೋಗವಿದೆ ಎನ್ನಲು ಪುರಾವೆಯೂ ಇದೆ. ಅಮೆರಿಕದಲ್ಲಿ 53,454 ಹಾಲಿ, ಮಾಜಿ ಧೂಮಪಾನಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ವರ್ಷ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್, ಇನ್ನೊಂದಕ್ಕೆ ಎದೆಯ ಎಕ್ಸ್‌ರೇ ಮಾಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಹುಡುಕುವ ಪಿಎಸ್‌ಎ ರಕ್ತ ಪರೀಕ್ಷೆಯನ್ನು ಯುರೋಪಿನಲ್ಲಿ 23 ವರ್ಷ ಹಿಂಬಾಲಿಸಿದಾಗ ಆ ಕ್ಯಾನ್ಸರಿನ ಸಾವು ಶೇ 13ರಷ್ಟು ಇಳಿದಿತ್ತು. ಪರೀಕ್ಷೆಗೆ ಕರೆದ 456 ಜನರಿಗೆ ಒಂದು ಜೀವ ಉಳಿದ ಲೆಕ್ಕ. ಕಡಿಮೆ ಅನ್ನಿಸಬಹುದು. ಆ ಒಬ್ಬರು ನಿಮ್ಮ ತಂದೆಯಾಗಿದ್ದರೆ ಕಡಿಮೆ ಅನ್ನಿಸುವುದಿಲ್ಲ. ಹೆಪಟೈಟಿಸ್ ಸಿ ಗೊತ್ತಾದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿ, 2018ರಿಂದ ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ಗೊತ್ತಾಗದಿದ್ದರೆ ಅದು ಇಪ್ಪತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಮತ್ತೆ ಅದೇ ಸಾಲು. ಹೆದರಿ ಓಡಿ ಬಂದವರಿಗೆ ಇಸಿಜಿ ತೆಗೆಯುವುದಕ್ಕಿಂತ, ಹೆದರಿಕೆ ಇಲ್ಲದ ದಿನ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡುವುದು ಮೇಲು. ವರ್ಷಕ್ಕೊಮ್ಮೆಯ ಪದ್ಧತಿ ಇದ್ದರೆ ಈ ನೂಕುನುಗ್ಗಲು ಇರುತ್ತಿರಲಿಲ್ಲ.

ವಿರೋಧ ಬರೆಯುವವರು ಏನು ಹೇಳುತ್ತಾರೆಂದು ಊಹಿಸಬಲ್ಲೆ. ನಮ್ಮಜ್ಜಿ ರಾಗಿಮುದ್ದೆ ಉಂಡು, ಹೊಲ ಗೇದು, ಒಂದು ಸೂಜಿಯನ್ನೂ ಚುಚ್ಚಿಸಿಕೊಳ್ಳದೆ ತೊಂಬತ್ತೆರಡು ವರ್ಷ ಬದುಕಿದಳು ಎಂದು. ಆ ಅಜ್ಜಿ ಹೆತ್ತದ್ದು ಹನ್ನೊಂದು, ಉಳಿದದ್ದು ನಾಲ್ಕು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಸುಳ್ಳು ಗಾಬರಿಯ ಮಾತೂ ಬರಬಹುದು. ಅದಕ್ಕೆ ಉತ್ತರವಿದೆ: ವರದಿಯನ್ನು ವೈದ್ಯರಿಂದ ಓದಿಸಿಕೊಳ್ಳಬೇಕು, ಮೊಬೈಲಿನಲ್ಲಿ ಹುಡುಕಬಾರದು. ಅದಕ್ಕಿಂತ ಹೆಚ್ಚು ಬರೆಯಲು ಸಂಪಾದಕರು ಕೊಟ್ಟ ಪದಮಿತಿ ಸಾಲದು.

ಇನ್ನು ಆ ಕಾಲು ಪಾಲು. ‘90 ಪರೀಕ್ಷೆಗಳು ಒಂದೇ ದರದಲ್ಲಿ’ ಎಂಬ ಜಾಹೀರಾತುಗಳಲ್ಲಿ ಎಣಿಕೆಯ ಚಮತ್ಕಾರವಿದೆ. ಒಂದು ಟ್ಯೂಬ್ ರಕ್ತ ರಕ್ತಕಣ ಎಣಿಸುವ ಯಂತ್ರದೊಳಗೆ ಹೋದರೆ ಇಪ್ಪತ್ತಕ್ಕೂ ಹೆಚ್ಚು ಸಂಖ್ಯೆಗಳು ತಾವಾಗಿ ಹೊರಬರುತ್ತವೆ, ಅವೆಲ್ಲ ಒಂದೊಂದು ‘ಪರೀಕ್ಷೆ’. ಕೊಲೆಸ್ಟ್ರಾಲಿನ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸಿದರೆ ಅದೂ ಇನ್ನೊಂದು ‘ಪರೀಕ್ಷೆ’. ಸಿಎ-125, ಸಿಇಎ, ಸಿಎ 19-9 ಮುಂತಾದ ಕ್ಯಾನ್ಸರ್ ಮಾರ್ಕರ್‌ಗಳನ್ನು ಆರೋಗ್ಯವಂತರ ಪ್ಯಾಕೇಜಿಗೆ ತುರುಕುವುದನ್ನು ನಾನೂ ಒಪ್ಪುವುದಿಲ್ಲ. ಅವು ಕಾಯಿಲೆ ಇದೆಯೆಂದು ಗೊತ್ತಾದವರಲ್ಲಿ ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲು ಬಂದ ಸಾಧನಗಳು. ಸಿಇಎ ಬೀಡಿ ಸೇದುವವರಲ್ಲೂ ಏರುತ್ತದೆ, 19-9 ಕಾಮಾಲೆಯಲ್ಲೂ ಏರುತ್ತದೆ. ಹೀಗೆ ಬರೆದರೆ ಪರದ ಲೇಖನ ಹೇಗಾಯಿತು ಎಂದು ಸಂಪಾದಕರು ಕೇಳಬಹುದು.

ನಾನು ಮಾಡಿಸಿಕೊಳ್ಳುವುದನ್ನು ಹೇಳಿ ಮುಗಿಸುತ್ತೇನೆ. ಬಿಪಿ, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಕೊಲೆಸ್ಟ್ರಾಲ್, ಇವು ವರ್ಷಕ್ಕೊಮ್ಮೆ. ಪಿಎಸ್‌ಎ ಎರಡು ವರ್ಷಕ್ಕೊಮ್ಮೆ. ಅದನ್ನು ಏಕೆ ಮಾಡಿಸುತ್ತೀರಿ ಎಂದು ಕೇಳಬೇಡಿ. ನನ್ನ ಲ್ಯಾಬಿನಲ್ಲಿ ನನಗೆ ಉಚಿತ.

ವಿರೋಧ: 103 ಗಾಬರಿ, 3 ಗಡ್ಡೆ

(ಲೇಖಕಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿ, ಶಿವಮೊಗ್ಗ)

ನನ್ನ ನಿವೃತ್ತಿಗೆ ಶಾಲೆಯವರು ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟರು. ಅಮೆರಿಕದಲ್ಲಿರುವ ಮಗ ‘ಫುಲ್ ಬಾಡಿ ಚೆಕಪ್’ ಕೊಟ್ಟ. ಅಲ್ಲಿಂದಲೇ ಮೊಬೈಲಿನಲ್ಲಿ ಬುಕ್ ಮಾಡಿ, ‘ಅಮ್ಮ, ನೀನು ನಲವತ್ತು ವರ್ಷ ನಮ್ಮೆಲ್ಲರನ್ನು ನೋಡಿಕೊಂಡೆ, ಈಗ ನಿನ್ನನ್ನು ನೀನು ನೋಡಿಕೋ’ ಎಂದ. ಮಾತು ಚೆನ್ನಾಗಿತ್ತು. ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಒಬ್ಬ ಹುಡುಗ ಬೆನ್ನಿಗೆ ನೀಲಿ ಪೆಟ್ಟಿಗೆ ಹಾಕಿಕೊಂಡು ಬಂದು ಐದು ಟ್ಯೂಬ್ ರಕ್ತ ತೆಗೆದುಕೊಂಡು ಹೋದ. ನನಗೆ ಆಗ ಇದ್ದ ಕಾಯಿಲೆಯೆಂದರೆ ಮೊಣಕಾಲು ನೋವು ಒಂದೇ. ಅದಕ್ಕೆ ಮಾತ್ರ ಆ ಪ್ಯಾಕೇಜಿನಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ.

ಸಂಜೆ ವಾಟ್ಸ್ಆ್ಯಪ್‌ಗೆ ಹದಿನೇಳು ಪುಟದ ವರದಿ ಬಂತು. ಹನ್ನೆರಡನೆಯ ಪುಟದಲ್ಲಿ ಅಂಡಾಶಯದ ಕ್ಯಾನ್ಸರಿನ ಮಾರ್ಕರ್ ಸಿಎ-125 ಎಂಬ ಸಾಲು, ಅದರ ಮುಂದೆ ದಪ್ಪ ಕೆಂಪು ಅಕ್ಷರದಲ್ಲಿ 62. ಮಿತಿ 35. ನಾನು ಜೀವಮಾನವಿಡೀ ಕೆಂಪು ಶಾಯಿಯಲ್ಲಿ ಬರೆದವಳು, ಕೆಂಪು ಶಾಯಿಯಲ್ಲಿ ಬರೆಸಿಕೊಂಡದ್ದು ಅದೇ ಮೊದಲು. ಮಗಳು ಮೊಬೈಲಿನಲ್ಲಿ ಹುಡುಕಿ, ಓದಿ, ಏನೂ ಹೇಳದೆ ಒಳಗೆ ಹೋದಳು.

ಆ ರಾತ್ರಿ ನಾನು ಮಾಡಬೇಕಾಗಿದ್ದ, ಆದರೆ ಮೂರು ತಿಂಗಳ ನಂತರ ಮಾಡಿದ ಲೆಕ್ಕವನ್ನು ಇಲ್ಲಿ ಮಾಡಿಬಿಡುತ್ತೇನೆ. ಎಂಟನೆಯ ತರಗತಿಯ ಶೇಕಡಾವಾರು ಗೊತ್ತಿದ್ದರೆ ಸಾಕು. ಮುಟ್ಟು ನಿಂತ 10,000 ಹೆಂಗಸರನ್ನು ಸಾಲಾಗಿ ನಿಲ್ಲಿಸಿ. ಅವರಲ್ಲಿ ಅಂಡಾಶಯದ ಕ್ಯಾನ್ಸರ್ ಇರುವವರು ಸುಮಾರು ನಾಲ್ವರು. 35 ಎಂಬ ಮಿತಿಯನ್ನು ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರು ಮಾತ್ರ ದಾಟುವಂತೆ ಗುರುತಿಸಿದ್ದಾರೆ. ನೂರಕ್ಕೆ ಒಬ್ಬರು ಎಂದರೆ ಒಳ್ಳೆಯ ಪರೀಕ್ಷೆ ಅನ್ನಿಸುತ್ತದೆ, ಅಲ್ಲವೇ? ಈಗ ಗುಣಿಸಿ. ಕಾಯಿಲೆ ಇಲ್ಲದ 9,996 ಜನರಲ್ಲಿ 100 ಜನರಿಗೆ ಕೆಂಪು ಅಕ್ಷರ. ಕಾಯಿಲೆ ಇರುವ 4 ಜನರಲ್ಲಿ ಪರೀಕ್ಷೆ ಹಿಡಿಯುವುದು ಹೆಚ್ಚೆಂದರೆ 3. ಒಟ್ಟು 103 ಹೆಂಗಸರು ಆ ರಾತ್ರಿ ನಿದ್ದೆ ಮಾಡುವುದಿಲ್ಲ, ಅವರಲ್ಲಿ 100 ಜನ ಸುಮ್ಮನೆ ನಿದ್ದೆಗೆಟ್ಟವರು. ಉಳಿದ ಒಬ್ಬ ನತದೃಷ್ಟೆ ‘ನಾರ್ಮಲ್’ ಎಂಬ ವರದಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಹಾಯಾಗಿ ಮಲಗುತ್ತಾಳೆ.

ಈ ಲೆಕ್ಕವನ್ನು ಯಾವ ವರದಿಯ ಯಾವ ಪುಟದಲ್ಲೂ ಅಚ್ಚು ಹಾಕುವುದಿಲ್ಲ.

ಇನ್ನೊಂದು ಲೆಕ್ಕ. ರಕ್ತ ಪರೀಕ್ಷೆಯ ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ 95 ಜನ ಒಳಗೆ ಬರುವಂತೆ ಹಾಕುತ್ತಾರೆ. ಶೇ 5 ಆರೋಗ್ಯವಂತರು ಹುಟ್ಟುತ್ತಲೇ ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಎಲ್ಲದರಲ್ಲೂ ಪಾಸಾಗುವ ಸಂಭವ 0.95ರ ಇಪ್ಪತ್ತನೆಯ ಘಾತ, ಅಂದರೆ ಶೇ 36ರಷ್ಟು. ಕಲ್ಲುಗುಂಡಿನ ಹಾಗಿರುವ ನೂರು ಜನರಲ್ಲಿ 64 ಜನರಿಗೆ ಕನಿಷ್ಠ ಒಂದಾದರೂ ಕೆಂಪು ಗುರುತು ಬಂದೇ ಬರುತ್ತದೆ. ಇಂಥ ಪ್ರಶ್ನೆಪತ್ರಿಕೆ ತೆಗೆದಿದ್ದರೆ ನನ್ನನ್ನು ಮುಖ್ಯೋಪಾಧ್ಯಾಯರು ಕೋಣೆಗೆ ಕರೆಸುತ್ತಿದ್ದರು.

ನನ್ನ ಕತೆಗೆ ಮರಳುತ್ತೇನೆ. 62ರ ಹಿಂದೆಯೇ ಅಲ್ಟ್ರಾಸೌಂಡ್ ಬಂತು. ಎಡ ಅಂಡಾಶಯದಲ್ಲಿ 2.3 ಸೆಂಟಿಮೀಟರಿನ ನೀರುಗುಳ್ಳೆ. ನನ್ನ ವಯಸ್ಸಿನ ಅನೇಕರಲ್ಲಿ ಅದು ಇರುತ್ತದೆ, ತಾನಾಗಿ ಬಂದು ತಾನಾಗಿ ಹೋಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಆಗ ಕೇಳಿದ್ದು ಒಂದೇ ಮಾತು: ‘ಖಚಿತ ಮಾಡಿಕೊಳ್ಳಲು ಸಿಟಿ ಮಾಡಿಸೋಣ.’ ಸಿಟಿಯಲ್ಲಿ ಅಂಡಾಶಯದ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ಬದಲಿಗೆ ಬಲ ಮೂತ್ರಪಿಂಡದ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ 1.4 ಸೆಂಟಿಮೀಟರಿನ ಗಂಟು ಸಿಕ್ಕಿತು. ನನಗೆ ಅಂಥದೊಂದು ಗ್ರಂಥಿ ಇದೆಯೆಂಬುದೇ ನೆನಪಿರಲಿಲ್ಲ. ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಮಾಡಿಸಿದ ನೂರು ಜನರಲ್ಲಿ ನಾಲ್ಕೈದು ಜನರಿಗೆ ಇಂಥ ಗಂಟು ಕಾಣುತ್ತದೆಯಂತೆ, ಬಹುತೇಕ ಯಾವುದೂ ಏನೂ ಮಾಡುವುದಿಲ್ಲವಂತೆ. ಆದರೆ ಒಮ್ಮೆ ಕಂಡ ಮೇಲೆ ಕಾಣದಂತೆ ಇರಲು ವೈದ್ಯರಿಗೂ ಧೈರ್ಯವಿಲ್ಲ. ಹಾರ್ಮೋನ್ ಪರೀಕ್ಷೆಗೆ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಸಂಗ್ರಹಿಸಿ ತಣ್ಣಗೆ ಇಡಬೇಕೆಂದರು. ಫ್ರಿಜ್ಜಿನ ಕೆಳಗಿನ ಅಂತಸ್ತಿನಿಂದ ದೋಸೆ ಹಿಟ್ಟನ್ನು ಎತ್ತಿ ಮೇಲಿಟ್ಟು ಕ್ಯಾನಿಗೆ ಜಾಗ ಮಾಡಿದೆ. ನಮ್ಮ ಯಜಮಾನರು ಆ ಫ್ರಿಜ್ಜಿನ ಮೊಸರನ್ನು ಒಂದು ವಾರ ಮುಟ್ಟಲಿಲ್ಲ.

ಇಷ್ಟರಲ್ಲಿ ಬಂಧುಬಳಗಕ್ಕೆ ಸುದ್ದಿ ಮುಟ್ಟಿತ್ತು. ಮಗಳಿಗೆ ತೀರ್ಥಹಳ್ಳಿ ಕಡೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು, ಜಾತಕ ಕೂಡಿಬಂದಿತ್ತು, ಹುಡುಗ ಒಂದು ಸಲ ಬಂದು ಕಾಫಿ ಕುಡಿದು ಹೋಗಿದ್ದ. ‘ತಾಯಿಗೆ ಗರ್ಭಕೋಶದ ಕಡೆ ಏನೋ ಇದೆಯಂತೆ, ಅದು ಮಕ್ಕಳಿಗೂ ಬರುತ್ತದಂತೆ’ ಎಂದು ಯಾರು ಹೇಳಿದರೋ. ಹದಿನೈದು ದಿನದ ಮೇಲೆ ಅವರ ಕಡೆಯಿಂದ ಫೋನ್ ಬಂತು: ಜಾತಕ ಕೂಡಿಬರುತ್ತಿಲ್ಲ. ಅದೇ ಜಾತಕ, ಅದೇ ಜೋಯಿಸರು.

ಮೊದಲು ನೋಡಿದ ಶಸ್ತ್ರವೈದ್ಯರು ‘ಈ ವಯಸ್ಸಿನಲ್ಲಿ ಅಂಡಾಶಯಗಳು ಇದ್ದು ಏನು ಪ್ರಯೋಜನ, ಎರಡನ್ನೂ ತೆಗೆದುಬಿಡೋಣ, ನಿಶ್ಚಿಂತೆ’ ಎಂದರು. ತಾರೀಖೂ ಗೊತ್ತಾಗಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಸ್ತ್ರೀರೋಗ ತಜ್ಞೆ. ಬೀಜಗಣಿತದಲ್ಲಿ ಅಷ್ಟೇನೂ ಜಾಣೆಯಾಗಿರಲಿಲ್ಲ, ಆದರೆ ಉತ್ತರ ಬರೆದ ಮೇಲೆ ತಾಳೆ ನೋಡುವ ಅಭ್ಯಾಸವಿತ್ತು. ಕಾಗದಗಳನ್ನೆಲ್ಲ ನೋಡಿ, ‘ಟೀಚರ್, ಆರು ವಾರ ಬಿಟ್ಟು ಅದೇ ರಕ್ತ ಪರೀಕ್ಷೆ ಇನ್ನೊಮ್ಮೆ ಮಾಡಿಸಿ. ಇದು ಹೊಟ್ಟೆಯ ಕ್ಷಯದಲ್ಲಿ ಏರುತ್ತದೆ, ಯಕೃತ್ತಿನ ತೊಂದರೆಯಲ್ಲಿ ಏರುತ್ತದೆ, ಕೆಲವೊಮ್ಮೆ ಏಕೆ ಏರಿತೆಂದೇ ಗೊತ್ತಾಗುವುದಿಲ್ಲ’ ಎಂದಳು. ಆರು ವಾರದ ಮೇಲೆ 29 ಬಂತು. ಏಕೆ ಏರಿತ್ತು, ಏಕೆ ಇಳಿಯಿತು, ಇಂದಿಗೂ ಯಾರಿಗೂ ಗೊತ್ತಿಲ್ಲ. ಅಡ್ರಿನಲ್ ಗಂಟು ಅಲ್ಲೇ ಇದೆ, ನಾನೂ ಇದ್ದೇನೆ. ಒಟ್ಟು ಖರ್ಚು 1,18,000 ರೂಪಾಯಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಮೊಣಕಾಲು ಈಗಲೂ ನೋಯುತ್ತದೆ.

‘ನಿಮ್ಮೊಬ್ಬರ ಕತೆ ಪುರಾವೆಯಲ್ಲ’ ಎಂದು ಪರದವರು ಹೇಳುವುದು ಖಂಡಿತ. ಸರಿ, ದೊಡ್ಡ ಕತೆಗಳನ್ನೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಉಷಾ ಮೆನನ್ ಮುಂತಾದವರು 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಇದೇ ಸಿಎ-125 ಮತ್ತು ಅಲ್ಟ್ರಾಸೌಂಡನ್ನು ಪರೀಕ್ಷೆಗೊಡ್ಡಿದರು. ಕಾಲು ಭಾಗಕ್ಕೆ ವರ್ಷಾವರ್ಷ ರಕ್ತ, ಕಾಲು ಭಾಗಕ್ಕೆ ವರ್ಷಾವರ್ಷ ಸ್ಕ್ಯಾನ್, ಅರ್ಧಕ್ಕೆ ಏನೂ ಇಲ್ಲ. ಹದಿನಾರು ವರ್ಷ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಹೇಳಿದರು. ರಕ್ತದ ಗುಂಪಿನಲ್ಲಿ ಕೆಲವು ಕ್ಯಾನ್ಸರ್‌ಗಳು ಬೇಗ ಸಿಕ್ಕಿದವು, ಹೌದು. ಸಾವು ಮಾತ್ರ ಮೂರೂ ಗುಂಪಿನಲ್ಲಿ ಒಂದೇ. ಬೇಗ ತಿಳಿದವರು ಹೆಚ್ಚು ದಿನ ರೋಗಿಯೆನಿಸಿಕೊಂಡು ಬದುಕಿದರು, ಅಷ್ಟೇ. ಇಷ್ಟಾದ ಮೇಲೂ ನಮ್ಮ ಊರಿನ ಪ್ಯಾಕೇಜುಗಳಲ್ಲಿ ‘ಮಹಿಳೆಯರಿಗೆ ವಿಶೇಷ’ ಎಂಬ ಗುಲಾಬಿ ಪಟ್ಟಿಯ ಕೆಳಗೆ ಅದೇ ಪರೀಕ್ಷೆ.

ದಕ್ಷಿಣ ಕೊರಿಯಾದ್ದು ಇನ್ನೂ ದೊಡ್ಡದು. 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಬಂದವರ ಕುತ್ತಿಗೆಗೂ, ಸ್ವಲ್ಪ ಹೆಚ್ಚಿನ ಹಣಕ್ಕೆ, ಆಸ್ಪತ್ರೆಯವರು ಅಲ್ಟ್ರಾಸೌಂಡ್ ಹಿಡಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರ 15 ಪಟ್ಟು. ಒಂದೇ ವರ್ಷದಲ್ಲಿ 40,000ಕ್ಕೂ ಹೆಚ್ಚು ಹೊಸ ರೋಗಿಗಳು. ಸಾವಿನ ಸಂಖ್ಯೆ? ಮೊದಲಿನಷ್ಟೇ. ಹಾಗಾದರೆ ಆ ಸಾವಿರಾರು ಜನ ಹೊತ್ತಿದ್ದದ್ದು, ಸಾಯುವವರೆಗೂ ಸುಮ್ಮನೆ ಮಲಗಿರುತ್ತಿದ್ದ ಗಂಟು. ಹೆಚ್ಚುಕಡಿಮೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಆಯಿತು. ನೂರಕ್ಕೆ ಇಬ್ಬರ ಧ್ವನಿತಂತುವಿಗೆ ಪಾರ್ಶ್ವವಾಯು. ಗಂಟಲೇ ಬಂಡವಾಳವಾಗಿದ್ದ ನನಗೆ ಆ ಸಾಲನ್ನು ಓದಿ ಮುಂದೆ ಹೋಗಲಾಗಲಿಲ್ಲ.

ದೂರ ಏಕೆ, ಕೊರೊನಾ ಎರಡನೆಯ ಅಲೆ ನೆನಪಿಲ್ಲವೇ? ನಮ್ಮ ಬೀದಿಯಲ್ಲಿ ಶ್ವಾಸಕೋಶದ ಸಿಟಿಯ ‘ಸ್ಕೋರ್ ಎಷ್ಟು, 25ಕ್ಕೆ?’ ಎಂದು ಕೇಳುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನದಂತಿತ್ತು. ಸಣ್ಣ ಕೆಮ್ಮು ಇದ್ದವರೂ ಸಿಟಿ ಕೇಂದ್ರದ ಮುಂದೆ ಸಾಲು ನಿಂತರು, ರಕ್ತ ಹೆಪ್ಪುಗಟ್ಟುವುದರ ಸುಳಿವು ಕೊಡುವ ಡಿ-ಡೈಮರ್ ಪರೀಕ್ಷೆಯ ಹೆಸರು ಅಡುಗೆಮನೆಗೂ ಬಂತು. ಸೌಮ್ಯ ಲಕ್ಷಣದವರಿಗೆ ಸಿಟಿಯಿಂದ ಪ್ರಯೋಜನವಿಲ್ಲ, ಹಾನಿಯೇ ಹೆಚ್ಚು ಎಂದು 2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ ಬಹಿರಂಗವಾಗಿ ಹೇಳಬೇಕಾಯಿತು.

ಸಕ್ಕರೆ, ಬಿಪಿ ಎಂದು ಯಾರಾದರೂ ರಾಗ ತೆಗೆದರೆ ನನ್ನ ಬಳಿ ತರಬೇಡಿ. ಅವೆರಡಕ್ಕೆ ಬೆರಳ ತುದಿಯ ಒಂದು ಹನಿ ರಕ್ತ, ತೋಳಿಗೆ ಒಂದು ಪಟ್ಟಿ ಸಾಕು. ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ನೋಡುತ್ತಾರೆ. ಅದರ ಬೆನ್ನ ಮೇಲೆ ನೂರು ಪರೀಕ್ಷೆ ಹೇರುವುದೇಕೆ? ಎದುರುಮನೆಯವರಿಗೆ ಪಿತ್ತಕೋಶದ ಕಲ್ಲು ನೋಡಲು ಹೋಗಿ ಮೂತ್ರಪಿಂಡದ ಗಡ್ಡೆ ಸಿಕ್ಕಿತು, ತೆಗೆಸಿಕೊಂಡು ಆರಾಮವಾಗಿದ್ದಾರೆ. ಆ ಉದಾಹರಣೆಯನ್ನು ನನ್ನ ಮಗ ನೂರು ಸಲ ಹೇಳಿದ್ದಾನೆ. ತರಗತಿಯಲ್ಲಿ ಒಬ್ಬ ಹುಡುಗ ಹಂತಗಳನ್ನು ಬರೆಯದೆ, ಊಹಿಸಿ, ಸರಿಯುತ್ತರ ಬರೆಯುತ್ತಿದ್ದ. ಅವನಿಗೆ ಒಂದು ಅಂಕ ಕೊಟ್ಟೆ, ಅವನ ವಿಧಾನವನ್ನು ಉಳಿದವರಿಗೆ ಪಾಠ ಮಾಡಲಿಲ್ಲ. ಎದುರುಮನೆಯವರ ವಿಷಯ ಅಲ್ಲಿಗೆ ಬಿಡೋಣ.

ನಾನು ತಪಾಸಣೆಯ ಶತ್ರುವಲ್ಲ ಎನ್ನುವುದಕ್ಕೆ ಒಂದೇ ಸಾಕ್ಷಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಜನರ ಗರ್ಭಕಂಠಕ್ಕೆ ಶೇ 4ರ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಅದೇ ಆಮ್ಲ, ಹಚ್ಚಿ ನೋಡಿದರು. ಬಿಳಿಯಾದರೆ ಅನುಮಾನ. ನೋಡಿದವರು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು ಎಂದು 2013ರಲ್ಲಿ ಘೋಷಿಸಿದರು. ಹದಿನೇಳು ಪುಟದ ನನ್ನ ವರದಿಯಲ್ಲಿ ಈ ಪರೀಕ್ಷೆ ಇರಲಿಲ್ಲ. ಹುಡುಗ ಪೆಟ್ಟಿಗೆ ಹಾಕಿಕೊಂಡು ಮನೆಗೆ ಬಂದು ಮಾಡುವಂಥದ್ದಲ್ಲ ಅದು, ಅದರಲ್ಲಿ ಲಾಭವೂ ಇಲ್ಲ.

ಕಳೆದ ತಿಂಗಳು ಮಗ ಮತ್ತೆ ಬುಕ್ ಮಾಡಿದ, ಈ ಸಲ ದಂಪತಿ ಪ್ಯಾಕೇಜ್. ಆರೂವರೆಗೆ ಅದೇ ಹುಡುಗ ಬಂದ. ಕೂರಿಸಿ, ಕಾಫಿ ಕೊಟ್ಟು, ಬೇಡಪ್ಪ ಎಂದೆ. ಲೋಟ ಒಳಗಿಟ್ಟು ಬರುವಷ್ಟರಲ್ಲಿ ನಮ್ಮ ಯಜಮಾನರು ತೋಳು ಮಡಚಿ, ಹತ್ತಿ ಒತ್ತಿ ಹಿಡಿದುಕೊಂಡು ಕುಳಿತಿದ್ದರು. ಅವರ ವರದಿ ನನ್ನ ಮೊಬೈಲಿಗೇ ಬಂದಿದೆ. ಇನ್ನೂ ತೆರೆದಿಲ್ಲ.